ಥೇಮ್ಸ್ ನದೀಲಿ ನ್ಯಾರೋಬೋಟ್ ಮೇಲೆ ಒಂದಿನ: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ಹೋದ ಜೂನಲ್ಲಿ ಅಪ್ಪ ಅಮ್ಮ ಮಂಡ್ಯದಿಂದ ಬಂದಿದ್ರಲ್ಲ, ಆಗ ಒಂದಿನ ನ್ಯಾರೋಬೋಟ್ ಬಾಡಿಗೆಗೆ ತಗೊಂಡು ಆಕ್ಸ್‌ಫರ್ಡ್ ಹತ್ರ ಥೇಮ್ಸ್‌ನಲ್ಲಿ ಓಡಾಡ್ಕೊಂಡು ಬಂದ್ವಿ. ಫೋಟೋ ಸ್ಟೇಟಸ್ಸಿಗೆ ಹಾಕಿದ್ದೇ ಹಾಕಿದ್ದು, ಅವತ್ತಿಂದ ಇಲ್ಲಿರೋ ಕನ್ನಡದೋರ ಗ್ರೂಪು, ಊರಿನ ಕಸಿನ್ಸ್ ಗ್ರೂಪು, ಆಫೀಸಿನೋರು ಎಲ್ಲಾ ಅದದೇ ಪ್ರಶ್ನೆ ಕೇಳ್ತಾವ್ರೆ. ಪ್ರತಿಯೊಬ್ರಿಗೂ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಗಂಟಲು ಹೋಯ್ತು, ಅದಕ್ಕೆ ಒಂದೇ ಸಲ ಬರ್ದು ಹಾಕ್ತಿದೀನಿ. ನಾನೇನ್ ಎಕ್ಸ್‌ಪರ್ಟ್ ಅಲ್ಲ, ಅದಕ್ಕೂ ಮುಂಚೆ ಫ್ರೆಂಡ್ಸ್ ಜೊತೆ ಎರಡು ಸಲ ಹೋಗಿದ್ದೆ ಅಷ್ಟೇ.

ನ್ಯಾರೋಬೋಟ್ ಅಂದ್ರೆ ಏನು? ಕೇರಳದ ಹೌಸ್‌ಬೋಟ್ ಥರಾನಾ?

ಅಲ್ಲ. ಅಲೆಪ್ಪಿಯಲ್ಲಿ ನೀವು ಕಾಲು ಚಾಚ್ಕೊಂಡು ಕೂತಿರ್ತೀರಾ, ಓಡಿಸೋನು ಬೇರೆ ಅಡಿಗೆಯವನು ಬೇರೆ. ಇಲ್ಲಿ ಡ್ರೈವರೂ ನೀವೇ, ಕ್ಲೀನರೂ ನೀವೇ, ಅಡಿಗೆಯವರೂ ನೀವೇ. ಕಬ್ಬಿಣದ ಬೋಟು, ಉದ್ದ 70 ಅಡಿವರೆಗೂ ಇರುತ್ತೆ, ದಿನದ ಬಾಡಿಗೆಗೆ ಕೊಡೋವು ಇನ್ನೂ ಚಿಕ್ಕವು, ಆದ್ರೆ ಅಗಲ ಮಾತ್ರ ಎಲ್ಲಾದಕ್ಕೂ ಹೆಚ್ಚು ಕಮ್ಮಿ 6 ಅಡಿ 10 ಇಂಚು. ಒಳಗೆ ಒಬ್ರು ಆ ಕಡೆಯಿಂದ ಈ ಕಡೆಗೆ ಬರ್ಬೇಕಂದ್ರೆ ಇನ್ನೊಬ್ರು ಹೊಟ್ಟೆ ಒಳಗೆ ಎಳ್ಕೊಂಡು ಗೋಡೆಗೆ ಅಂಟ್ಕೋಬೇಕು.

ಇಷ್ಟು ಇಕ್ಕಟ್ಟು ಯಾಕೆ ಅಂದ್ರೆ ಅದಕ್ಕೊಂದು ಕತೆ ಇದೆ. 1761ರಲ್ಲಿ ಬ್ರಿಜ್‌ವಾಟರ್ ಕೆನಾಲ್ ಅಂತ ಒಂದು ನಾಲೆ ತೋಡಿ ಗಣಿಯಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸೋಕೆ ಶುರು ಮಾಡಿದ್ರು, ಕಲ್ಲಿದ್ದಲಿನ ರೇಟು ಅರ್ಧಕ್ಕೆ ಬಂತು, ಅದನ್ನ ನೋಡಿ ಊರೂರಲ್ಲೂ ನಾಲೆ ತೋಡೋ ಹುಚ್ಚು ಹಿಡೀತು. ಜೇಮ್ಸ್ ಬ್ರಿಂಡ್ಲಿ ಅನ್ನೋ ಇಂಜಿನಿಯರ್ ಮುಂದಿನ ಕೆನಾಲ್‌ಗಳಿಗೆ ಲಾಕ್ (ಬೋಟನ್ನ ಮೇಲೆ ಹತ್ತಿಸಿ ಕೆಳಗೆ ಇಳಿಸೋ ನೀರಿನ ತೊಟ್ಟಿ, ಮುಂದೆ ಹೇಳ್ತೀನಿ) ಕಟ್ಟುವಾಗ ನೀರು ದುಡ್ಡು ಎರಡೂ ಉಳೀಲಿ ಅಂತ 7 ಅಡಿ ಅಗಲ ಇಟ್ಟ, ಹಂಗಾಗಿ ಬೋಟುಗಳೂ ಆ ಅಳತೆಗೇ ಬಂದ್ವು. ಆಗ ದಂಡೆ ಮೇಲೆ ಕುದುರೆ ಹಗ್ಗ ಕಟ್ಕೊಂಡು ಎಳೀತಿತ್ತು, ಸಂಸಾರ ಪೂರ್ತಿ ಬೋಟಲ್ಲೇ. ಆಮೇಲೆ ರೈಲು ಲಾರಿ ಬಂದು ಆ ಕೆಲಸ ಹೋಯ್ತು, ಬೋಟು ಮಾತ್ರ ಉಳ್ಕೊಂಡು ಈಗ ನಮ್ಮಂಥೋರು ವೀಕೆಂಡಲ್ಲಿ ಓಡಿಸ್ತೀವಿ. ಅಂದ್ರೆ ಥೇಮ್ಸ್ ಅಷ್ಟು ಅಗಲ ಇದ್ರೂ ನೀವು ಓಡಿಸೋದು ನಾಲೆ ಅಳತೆಗೆ ಹೊಲಿಸಿದ ಅಂಗಿ ಹಾಕ್ಕೊಂಡಿರೋ ಬೋಟನ್ನ.

ಲೈಸೆನ್ಸ್ ಬೇಕಾ?

ಓಡಿಸೋರಿಗೆ ಬೇಡ. ಬೋಟಿಗೆ ಬೇಕು, ಅದು ಬಾಡಿಗೆ ಕೊಡೋರ ತಲೆನೋವು. ಹೊರಡೋಕೆ ಮುಂಚೆ ಅರ್ಧ ಮುಕ್ಕಾಲು ಗಂಟೆ ಅವರೇ ಹೇಳ್ಕೊಡ್ತಾರೆ, ಆಗ ದಯವಿಟ್ಟು ಫೋಟೋ ತೆಗೀತಾ ಕೂರಬೇಡಿ, ಕಿವಿಗೊಟ್ಟು ಕೇಳಿ. ನಾನು ಮೊದಲನೇ ಸಲ ಕೇಳಿರ್ಲಿಲ್ಲ.

ನೀವು ಹೋಗಿದ್ದು ಎಲ್ಲಿಂದ ಎಲ್ಲಿಗೆ?

ಎನ್‌ಶಮ್ ಅಂತ ಆಕ್ಸ್‌ಫರ್ಡಿನ ಪಶ್ಚಿಮಕ್ಕಿರೋ ಊರು, ಬರೆಯೋದು ಐನ್‌ಶಾಮ್ ಅನ್ನೋ ಹಂಗೆ, ಓದೋದು ಎನ್‌ಶಮ್, ಇಂಗ್ಲಿಷ್ನೋರ ಊರ ಹೆಸರುಗಳ ಕತೇನೇ ಇಷ್ಟು. ಅಲ್ಲಿ ಲಾಕ್ ಕೆಳಗಡೆಯಿಂದ ಹೊರಟು ಹೊಳೆ ಹರಿಯೋ ದಿಕ್ಕಲ್ಲಿ ಕಿಂಗ್ಸ್ ಲಾಕ್, ಗಾಡ್‌ಸ್ಟೋ ಲಾಕ್ ದಾಟಿ ಪೋರ್ಟ್ ಮೆಡೋ ಅನ್ನೋ ದೊಡ್ಡ ಹುಲ್ಲುಗಾವಲಿನವರೆಗೆ ಹೋಗಿ ವಾಪಸ್.

ಇದೇ ತುಂಡು ಯಾಕೆ ಅಂದ್ರೆ, ಆಕ್ಸ್‌ಫರ್ಡ್ ಊರೊಳಗೆ ಆಸ್ನಿ ಸೇತುವೆ ಅಂತ ಇದೆ, ಅದರ ಕೆಳಗೆ ನೀರಿಂದ ಬರೀ 7 ಅಡಿ 6 ಇಂಚು ಜಾಗ. ಲಂಡನ್ ಕಡೆಯಿಂದ ಬರೋ ಬಿಳೀ ಬಿಳೀ ಎತ್ತರದ ಕ್ರೂಸರುಗಳು, ಮೇಲೆ ಶಾಂಪೇನ್ ಹಿಡ್ಕೊಂಡು ನಿಂತಿರೋರು, ಅವರೆಲ್ಲಾ ಅಲ್ಲಿಗೇ ಸ್ಟಾಪ್. ನ್ಯಾರೋಬೋಟ್ ಗಿಡ್ಡ, ತಲೆ ಬಗ್ಗಿಸ್ಕೊಂಡು ನುಸುಳುತ್ತೆ. ಅದಕ್ಕೇ ಆ ಸೇತುವೆಯಿಂದ ಮೇಲೆ ನದಿ ಪೂರಾ ಶಾಂತ.

ಒಂದಿನದಲ್ಲಿ ಎಷ್ಟು ದೂರ ಹೋಗ್ಬೋದು?

ಎಲ್ಲರೂ ಮೊದಲು ಕೇಳೋದೇ ಇದು, ನಮ್ಮಪ್ಪನೂ ಇದನ್ನೇ ಕೇಳಿದ್ದು. ನಾವು ಹೋಗಿದ್ದು ಸುಮಾರು 5 ಮೈಲಿ, ಬಂದಿದ್ದು 5 ಮೈಲಿ. ಹೌದು ಅಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ಬಿಟ್ಟು ಸಂಜೆ ಆರರ ಹತ್ರ ಬಂದ್ವಿ.

ಥೇಮ್ಸಲ್ಲಿ ಸ್ಪೀಡ್ ಲಿಮಿಟ್ ಗಂಟೆಗೆ 8 ಕಿಲೋಮೀಟರ್, ಕೆನಾಲ್ ಆದ್ರೆ 4 ಮೈಲಿ. ಅದೂ ಲಿಮಿಟ್ಟು, ನಿಜವಾಗ್ಲೂ ಹೋಗೋದು ಅದಕ್ಕಿಂತ ಕಮ್ಮಿ, ಯಾಕಂದ್ರೆ ದಂಡೆಗೆ ಕಟ್ಟಿರೋ ಬೋಟುಗಳ ಪಕ್ಕ ಹೋಗೋವಾಗ ಇಂಜಿನ್ನು ಗುರ್ ಗುರ್ ಅನ್ನೋವಷ್ಟಕ್ಕೆ ಇಳಿಸ್ಬೇಕು, ಇಲ್ಲಾಂದ್ರೆ ನಿಮ್ಮ ಅಲೆಗೆ ಅವರ ಟೀ ಚೆಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ಲೋ ಡೌನ್" ಅಂತ ಕೂಗ್ತಾರೆ. ಇಂಗ್ಲಿಷ್ನೋರು ಬೇರೆ ಎಲ್ಲೂ ಕೂಗಲ್ಲ, ಇಲ್ಲಿ ಕೂಗ್ತಾರೆ.

ಅಮ್ಮಂಗೆ ಕೂತೂ ಕೂತೂ ಸಾಕಾಗಿ ಎನ್‌ಶಮ್ ಬಿಟ್ಟ ಸ್ವಲ್ಪ ಹೊತ್ತಿಗೇ ನಾನು ನಡ್ಕೊಂಡ್ ಬರ್ತೀನಿ ಕಣಪ್ಪಾ ಅಂತ ದಂಡೆಗೆ ಇಳ್ದು ಹೊಂಟ್ರು, ಥೇಮ್ಸ್ ಪಾತ್ ಅಂತ ನದಿ ಪಕ್ಕಾನೇ ಕಾಲುದಾರಿ ಇದೆ. ನಾವು ಕಿಂಗ್ಸ್ ಲಾಕ್ ಮುಟ್ಟೋ ಹೊತ್ತಿಗೆ ಅಮ್ಮ ಅಲ್ಲಿ ಬೆಂಚಿನ ಮೇಲೆ ಸ್ವೆಟರ್ ಬಿಚ್ಚಿ ಇಟ್ಕೊಂಡು, ಯಾರದೋ ನಾಯಿ ತಲೆ ಸವರ್ತಾ ಕೂತಿದ್ರು.

ಅದಕ್ಕೆ ನಾನ್ ಹೇಳೋದು, ಮ್ಯಾಪ್ ನೋಡಿ ಇಲ್ಲಿವರೆಗೆ ಹೋಗ್ಬೋದು ಅಂತ ಅನ್ಸುತ್ತಲ್ಲ, ಅದರಲ್ಲಿ ಅರ್ಧ ಹಾಕ್ಕೊಳಿ. ನನ್ನ ಮೊದಲನೇ ಟ್ರಿಪ್ಪಲ್ಲಿ ಫ್ರೆಂಡ್ಸೆಲ್ಲಾ ಸೇರಿ ಎಕ್ಸೆಲ್ ಶೀಟ್ ಮಾಡಿದ್ವಿ, ಹತ್ತು ಗಂಟೆಗೆ ಇಲ್ಲಿ, ಹನ್ನೊಂದೂಕಾಲಿಗೆ ಅಲ್ಲಿ ಅಂತ. ಮೊದಲನೇ ಲಾಕಲ್ಲೇ ಮುಂದೆ ನಾಲ್ಕು ಬೋಟು ಕ್ಯೂ, ಆಮೇಲೆ ಇಡೀ ದಿನ ಆ ಶೀಟು ಹಿಡ್ಕೊಂಡು ಒಬ್ರಿಗೊಬ್ರು ಕಿತ್ತಾಡಿದ್ದೇ ಆಯ್ತು. ನದಿ ನೋಡಿದ್ದು ನೆನಪೇ ಇಲ್ಲ.

ಓಡಿಸೋದು ಕಷ್ಟಾನಾ?

ಹದಿನೈದು ನಿಮಿಷ ಕಷ್ಟ, ಆಮೇಲೆ ಸುಲಭ, ಆಮೇಲೆ ನನಗೆ ಎಲ್ಲಾ ಬಂತು ಅಂತ ಅನ್ಸಿದ ತಕ್ಷಣ ಮತ್ತೆ ಕಷ್ಟ.

ಸ್ಟಿಯರಿಂಗ್ ವೀಲ್ ಇರಲ್ಲ. ಹಿಂದುಗಡೆ ನಿಂತ್ಕೊಂಡು ಟಿಲ್ಲರ್ ಅಂತ ಒಂದು ಉದ್ದನೇ ಹಿಡಿ ಹಿಡ್ಕೋಬೇಕು, ಅದೇ ಚುಕ್ಕಾಣಿ. ಎಡಕ್ಕೆ ತಳ್ಳಿದ್ರೆ ಬೋಟ್ ಬಲಕ್ಕೆ ಹೋಗುತ್ತೆ, ಬಲಕ್ಕೆ ತಳ್ಳಿದ್ರೆ ಎಡಕ್ಕೆ. ಅದೂ ತಕ್ಷಣ ತಿರುಗಲ್ಲ, ಒಂದ್ ಎರಡು ಮೂರು ಎಣಿಸಿದ ಮೇಲೆ ತಿರುಗುತ್ತೆ, ಅಷ್ಟೊತ್ತಿಗೆ ನೀವು ಗಾಬರಿಯಾಗಿ ಇನ್ನೂ ತಳ್ಳಿರ್ತೀರಾ, ಆಗ ಜಾಸ್ತಿ ತಿರುಗಿ ದಂಡೆ ಕಡೆ ಹೋಗುತ್ತೆ. ಕಾರ್ ಥರ ಮುಂದಿನಿಂದ ತಿರುಗಲ್ಲ, ನಡು ಮಧ್ಯದಿಂದ ತಿರುಗುತ್ತೆ, ಅಂದ್ರೆ ಮೂತಿ ಬಲಕ್ಕೆ ಹೋದ್ರೆ ನೀವು ನಿಂತಿರೋ ಬಾಲ ಎಡಕ್ಕೆ ಬೀಸುತ್ತೆ, ಮರದ ಕೊಂಬೆ ಮುಖಕ್ಕೆ ಬಡಿಯೋದು ಅದಕ್ಕೇ. ಬ್ರೇಕ್ ಇಲ್ಲ. ನಿಲ್ಲಿಸ್ಬೇಕಂದ್ರೆ ರಿವರ್ಸ್ ಹಾಕಿ ಕಾಯ್ಬೇಕು, ಮತ್ತೆ ರಿವರ್ಸಲ್ಲಿ ಚುಕ್ಕಾಣಿ ಮಾತು ಕೇಳಲ್ಲ, ಬೋಟು ತನಗೆ ಇಷ್ಟ ಬಂದ ಕಡೆ ಹೋಗುತ್ತೆ. ಎದುರು ಬೋಟ್ ಬಂದ್ರೆ ಬಲಗಡೆ ಹೋಗಿ, ನಮ್ಮೂರ ರೋಡಿಗೂ ಇಲ್ಲಿನ ರೋಡಿಗೂ ಉಲ್ಟಾ.

ಎತ್ತಿನಗಾಡಿ ಹೊಡೆದವರಿಗೆ ಇದು ಬೇಗ ಬರುತ್ತೆ ಅನ್ನೋದು ನನ್ನ ಥಿಯರಿ. ನಮ್ಮಪ್ಪಂಗೆ ಟಿಲ್ಲರ್ ಕೊಟ್ಟೆ, ಐದೇ ನಿಮಿಷಕ್ಕೆ ಒಂದ್ ಕೈಲಿ ಹಿಡ್ಕೊಂಡು ಇನ್ನೊಂದ್ ಕೈಲಿ ಕೋಡುಬಳೆ ತಿಂತಾ ನೆಟ್ಟಗೆ ಹೊಡೀತಿದ್ರು. "ಜಾಸ್ತಿ ಎಳೀಬಾರ್ದು ಕಣ್ಲಾ, ಅದು ಹೋಯ್ತಾ ಇರ್ತದೆ, ನಾವು ಸುಮ್ನೆ ಹಿಡ್ಕಂಡಿರ್ಬೇಕು" ಅಂದ್ರು. ಬೋಟ್‌ಯಾರ್ಡಿನೋನು ಮುಕ್ಕಾಲು ಗಂಟೆ ಹೇಳಿದ್ದೂ ಇದನ್ನೇ.

ಲಾಕ್ ಅಂತೀರಲ್ಲ, ಏನದು?

ನದಿ ಇಳಿಜಾರಲ್ಲಿ ಹರಿಯುತ್ತೆ ಅಲ್ವಾ, ಬೋಟ್ ಓಡಾಡೋವಷ್ಟು ಆಳ ನಿಲ್ಲಿಸೋಕೆ ಅಲ್ಲಲ್ಲಿ ಅಡ್ಡಗಟ್ಟೆ ಕಟ್ಟಿರ್ತಾರೆ, ನಮ್ಮ ಕಡೆ ಕಟ್ಟೆ ಅಂತೀವಲ್ಲ ಹಂಗೆ. ಕಟ್ಟೆ ಮೇಲಿಂದ ಬೋಟ್ ಧುಮುಕೋಕಾಗಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಕಲ್ಲಿನ ತೊಟ್ಟಿ, ಎರಡೂ ಕಡೆ ಬಾಗಿಲು. ಕೆಳಗೆ ಹೋಗ್ಬೇಕಂದ್ರೆ ತುಂಬಿದ ತೊಟ್ಟಿ ಒಳಗೆ ಬೋಟ್ ತರ್ಬೇಕು, ಹಿಂದಿನ ಬಾಗಿಲು ಮುಚ್ಚಬೇಕು, ಮುಂದಿನ ಬಾಗಿಲಲ್ಲಿರೋ ತೂಬು ಎತ್ತಬೇಕು, ನೀರು ಖಾಲಿ ಆಗ್ತಾ ಆಗ್ತಾ ಬೋಟ್ ಲಿಫ್ಟಲ್ಲಿ ಇಳಿದಂಗೆ ಇಳಿಯುತ್ತೆ. ಆ ಕಡೆ ಈ ಕಡೆ ನೀರು ಸಮ ಆದ ಮೇಲೆ ಬಾಗಿಲು ತಾನಾಗಿ ಹಗುರ ಆಗುತ್ತೆ. ಅದಕ್ಕೂ ಮುಂಚೆ ನಾಲ್ಕು ಜನ ಒದ್ರೂ ತೆರೆಯಲ್ಲ, ಬಾಗಿಲುಗಳು ನೀರಿಗೆ ಎದುರಾಗಿ ಕೈ ಮುಗಿದಂಗೆ ಮೂಲೆ ಮಾಡ್ಕೊಂಡು ನಿಂತಿರ್ತವೆ, ನೀರಿನ ಭಾರಾನೇ ಅದಕ್ಕೆ ಬೀಗ. ಪಂಪಿಲ್ಲ ಮೋಟರಿಲ್ಲ, ಬರೀ ನೀರಿನ ಬುದ್ಧಿ.

ನಾಲೆ ಬಯಲಲ್ಲಿ ಹುಟ್ಟಿ ಬೆಳೆದ ನಮ್ಮಪ್ಪಂಗೆ ಇದನ್ನ ಎಕ್ಸ್‌ಪ್ಲೇನ್ ಮಾಡೋ ಅವಶ್ಯಕತೆನೇ ಬರ್ಲಿಲ್ಲ. ಕಿಂಗ್ಸ್ ಲಾಕಲ್ಲಿ ಲಾಕ್ ಕೀಪರ್ ಅಂತ ಯೂನಿಫಾರ್ಮ್ ಹಾಕ್ಕೊಂಡು ಒಬ್ರು ಬಂದ್ರು, ಲೈಫ್ ಜಾಕೆಟ್ಟು, ಬಿಸಿಲಿಗೆ ಕೆಂಪಾದ ಮೂಗು. ಚಕ್ರ ತಿರುಗಿಸಿ ತೂಬು ಎತ್ತಿದ್ದೇ ತಡ ಅಪ್ಪ ಬೋಟ್ ಮೇಲಿಂದ "ಇವ್ನು ನೀರ್ಗಂಟಿ ಕಣ್ಲಾ!" ಅಂತ ಜೋರಾಗಿ ಅಂದ್ರು. ಊರಲ್ಲಿ ಕೆರೆ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡ್ಕೊಳೋನು ನೀರ್ಗಂಟಿ, ಅಪ್ಪಂಗೆ ಅವನ ಮೇಲೆ ಐವತ್ತು ವರ್ಷದ ಸಿಟ್ಟಿದೆ, ಆದ್ರೂ ಈ ನೀರ್ಗಂಟಿ ಜೊತೆ ಅರ್ಧ ಗಂಟೆ ಮಾತಾಡಿದ್ರು. ನಾನು ಮಧ್ಯೆ ನಿಂತು ಟ್ರಾನ್ಸ್‌ಲೇಟ್ ಮಾಡ್ತಿದ್ದೆ, ಆಮೇಲೆ ಲಾಕ್ ಪಕ್ಕದ ಅವರ ತೋಟದ ಟೊಮ್ಯಾಟೊ ಗಿಡದ ವಿಷಯ ಬಂದಾಗ ನನ್ನ ಅವಶ್ಯಕತೆ ಇರ್ಲಿಲ್ಲ, ಇಬ್ರೂ ಕೈಬಾಯಲ್ಲೇ ಮುಗಿಸ್ಕೊಂಡ್ರು.

ಅಂದಹಾಗೆ ಗಾಡ್‌ಸ್ಟೋ ಲಾಕಿನವರೆಗೆ ಬಾಗಿಲು ಬಟನ್ ಒತ್ತಿದ್ರೆ ತೆರೆಯುತ್ತೆ, ಕಿಂಗ್ಸ್ ಲಾಕಿಂದ ಮೇಲಕ್ಕೆ ಎಲ್ಲಾ ಕೈಯಲ್ಲೇ, ಉದ್ದ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳೋದು. ಕೀಪರ್ ಇಲ್ಲದಿದ್ದಾಗ ಸೆಲ್ಫ್ ಸರ್ವಿಸ್ ಅಂತ ಬೋರ್ಡ್ ಇರುತ್ತೆ, ನೀವೇ ಮಾಡ್ಕೋಬೋದು. ಅವರು ಮಧ್ಯಾಹ್ನ ಊಟಕ್ಕೂ ಹೋಗ್ತಾರೆ, ಆಗ ಬಂದು ಮೂತಿ ಸೊಟ್ಟ ಮಾಡ್ಕೋಬೇಡಿ.

ಒಂದು ಮುಖ್ಯ: ಲಾಕ್ ಒಳಗೆ ಇಂಜಿನ್ ಆಫ್, ಮುಂದೊಂದು ಹಿಂದೊಂದು ಹಗ್ಗ ಗೂಟಕ್ಕೆ ಸುತ್ತಿ ತುದಿ ಕೈಯಲ್ಲಿ ಹಿಡ್ಕೊಂಡಿರಿ, ಗಂಟು ಹಾಕ್ಬೇಡಿ. ಗಂಟು ಹಾಕಿದ್ರೆ ನೀರು ಇಳಿಯುತ್ತೆ, ಬೋಟು ಹಗ್ಗದಲ್ಲಿ ನೇತಾಡುತ್ತೆ. ಮತ್ತೆ ಕೆಳಗಿಳಿಯೋವಾಗ ಹಿಂದಿನ ಬಾಗಿಲಿಗೆ ಅಂಟ್ಕೊಂಡು ನಿಲ್ಲಬಾರದು, ಅಲ್ಲಿ ನೀರಿನಡಿ ಕಲ್ಲಿನ ಹೊಸ್ತಿಲಿದೆ, ಬೋಟಿನ ಬಾಲ ಅದರ ಮೇಲೆ ಕೂತ್ಕೊಂಡ್ರೆ ಮೂತಿ ಮುಳುಗುತ್ತೆ. ಇದು ತಮಾಷೆ ಅಲ್ಲ.

ಕೆನಾಲ್‌ಗೂ ನದಿಗೂ ಏನ್ ವ್ಯತ್ಯಾಸ? ಎರಡೂ ನೀರೇ ಅಲ್ವಾ?

ಕೆನಾಲ್ ಅಂದ್ರೆ ಕಟ್ಟಿಹಾಕಿದ ಎಮ್ಮೆ, ನದಿ ಅಂದ್ರೆ ಬಿಟ್ಟ ಎಮ್ಮೆ. ನದಿಗೆ ಎಳೆತ ಇದೆ. ಹೋಗೋವಾಗ ಹರಿವಿನ ಜೊತೆ ಹೋದ್ರೆ ಬರೋವಾಗ ಎದುರು ಬರ್ಬೇಕು, ಟೈಮು ಜಾಸ್ತಿ ಹಿಡಿಯುತ್ತೆ, ಇದನ್ನ ಲೆಕ್ಕ ಹಾಕದೇ ಎಷ್ಟೋ ಜನ ಕತ್ತಲೆಗೆ ಸಿಕ್ಕಾಕೊಳ್ತಾರೆ, ಬಾಡಿಗೆ ಬೋಟನ್ನ ಕತ್ತಲಾದ ಮೇಲೆ ಓಡಿಸೋ ಹಂಗಿಲ್ಲ. ನದಿಗೆ ಹೋಗೋ ಬೋಟಲ್ಲಿ ಲಂಗರು ಇರ್ಲೇಬೇಕು, ಇಂಜಿನ್ ನಿಂತೋದ್ರೆ ಕಟ್ಟೆ ಕಡೆ ಕೊಚ್ಕೊಂಡು ಹೋಗ್ದೇ ಇರೋಕೆ.

ಲಾಕ್‌ಗಳ ಹತ್ರ ಬೋರ್ಡ್ ನೋಡಿ. ಹಳದಿ ಬೋರ್ಡ್ ಅಂದ್ರೆ ಹರಿವು ಏರ್ತಿದೆ ಅಥವಾ ಇಳೀತಿದೆ, ಯಾವುದು ಅಂತ ಅದರಲ್ಲೇ ಬರ್ದಿರುತ್ತೆ. ಕೆಂಪು ಬೋರ್ಡ್ ಅಂದ್ರೆ ಜೋರಾಗಿದೆ, ದಂಡೆಗೆ ಕಟ್ಟಿ ಸುಮ್ನೆ ಕೂತ್ಕೊಳ್ಳಿ. ಮನೆಯಿಂದ ಹೊರಡೋಕೆ ಮುಂಚೆ ಎನ್ವಿರಾನ್‌ಮೆಂಟ್ ಏಜೆನ್ಸಿ ವೆಬ್‌ಸೈಟಲ್ಲೇ ನೋಡ್ಬೋದು, ಥೇಮ್ಸ್ ಅವರ ಸುಪರ್ದಿ. ಕೆನಾಲ್‌ಗಳು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋರದ್ದು, ಇಬ್ರೂ ಬೇರೆ ಬೇರೆ, ಕನ್‌ಫ್ಯೂಸ್ ಆಗ್ಬೇಡಿ. ಚಳಿಗಾಲದಲ್ಲಿ ಕೆಂಪು ಬೋರ್ಡ್ ವಾರಗಟ್ಟಲೆ ಇರುತ್ತೆ, ಏಪ್ರಿಲ್ಲಿಂದ ಅಕ್ಟೋಬರ್ ಒಳಗೆ ಹೋಗಿ. ಜೂನಾದ್ರೆ ರಾತ್ರಿ ಒಂಬತ್ತು ದಾಟಿದ್ರೂ ಬೆಳಕು.

ವಯಸ್ಸಾದೋರ್ನ ಕರ್ಕೊಂಡ್ ಹೋಗ್ಬೋದಾ? ಮಕ್ಕಳು? ಈಜು ಬರಲ್ಲ ನಮಗೆ.

ಹತ್ತೋದು ಇಳಿಯೋದು ಮಾತ್ರ ಹುಷಾರು, ಉಳಿದಂಗೆ ಅವರಿಗೇ ಇದು ಹೇಳಿ ಮಾಡಿಸಿದ್ದು. ಲಂಡನ್ನಲ್ಲಿ ಅಮ್ಮಂಗೆ ದಿನಕ್ಕೆ ಎರಡು ಮ್ಯೂಸಿಯಂ ತೋರಿಸಿ ಮಂಡಿ ಹಿಡಿಸಿದ್ದೆ, ಬೋಟಲ್ಲಿ ಕೂತಲ್ಲೇ ಊರು ನಡ್ಕೊಂಡು ಬರುತ್ತೆ. ಒಳಗೆ ಮೂರು ನಾಲ್ಕು ಮೆಟ್ಟಿಲು ಕಡಿದಾಗಿ ಇರ್ತವೆ, ಏಣಿ ಇಳಿದಂಗೆ ಹಿಂದು ಮುಂದಾಗಿ ಇಳಿಸಿ. ಅಮ್ಮಂದಿರಿಗೆ ಹೇಳಿ, ಸೀರೆ ಬೇಡ, ಚೂಡಿದಾರ್ ಅಥವಾ ಪ್ಯಾಂಟು, ಹಗ್ಗಕ್ಕೆ ಸೆರಗು ಸಿಕ್ಕಿದ್ರೆ ಕಷ್ಟ.

ಲೈಫ್ ಜಾಕೆಟ್ ಬಾಡಿಗೆ ಕೊಡೋರ ಹತ್ರ ಕೇಳಿ ತಗೊಳ್ಳಿ, ಎಲ್ರೂ ಹಾಕ್ಕೊಳ್ಳಿ, ನೀವು ಹಾಕ್ಕೊಂಡ್ರೆ ತಾನೇ ಮಕ್ಕಳು ಹಾಕ್ಕೊಳೋದು. ನನ್ನ ಏಳು ವರ್ಷದ ಮಗಳಿಗೆ ಒಂದೇ ರೂಲು, ಬೋಟ್ ದಂಡೆಗೆ ತಾಗೋವಾಗ ಕೈ ಕಾಲು ಹೊರಗೆ ಇಡಬಾರದು. ದೊಡ್ಡೋರಿಗೂ ಅದೇ, ನೂರಾರು ಕ್ವಿಂಟಲ್ ಕಬ್ಬಿಣ ಅದು, ಕಾಲಲ್ಲಿ ತಡೀತೀನಿ ಅನ್ಕೋಬೇಡಿ.

ಟಾಯ್ಲೆಟ್?

ಇದೆ. ಚಿಕ್ಕದು. ಪೇಪರ್ ಬಿಟ್ಟು ಬೇರೆ ಏನೂ ಹಾಕ್ಬೇಡಿ. ಎಲ್ಲಿಗೆ ಹೋಗುತ್ತೆ ಅಂತ ಅಪ್ಪ ಕೇಳಿದ್ರು, ಟ್ಯಾಂಕಿಗೆ, ನದಿಗೆ ಅಲ್ಲ.

ಊಟಕ್ಕೆ ಏನ್ ಮಾಡಿದ್ರಿ?

ಪುಳಿಯೋಗರೆ, ಮೊಸರನ್ನ, ಕೋಡುಬಳೆ ಮನೆಯಿಂದಾನೇ. ಗ್ಯಾಸ್ ಸ್ಟವ್ ಇತ್ತು, ನನ್ನ ಹೆಂಡತಿ ಅದರಲ್ಲಿ ಫಿಲ್ಟರ್ ಕಾಫಿಗೆ ಹಾಲು ಕಾಯಿಸಿದ್ಲು, ಸರಿಯಾಗಿ ಉಕ್ಕೋ ಹೊತ್ತಿಗೆ ನಾನು ದಂಡೆಗೆ ಗುದ್ದಿದೆ, ಆ ವಿಷಯ ಇನ್ನೂ ಮನೇಲಿ ಮುಗಿದಿಲ್ಲ. ಅಡಿಗೆ ಏನಿದ್ರೂ ಬೋಟ್ ಕಟ್ಟಿದ ಮೇಲೆ ಮಾಡಿ. ಚಳಿ ಅಂತ ಗಾಳಿ ಬರೋ ಕಿಂಡಿಗಳನ್ನ ಬಟ್ಟೆ ತುರುಕಿ ಮುಚ್ಚಬೇಡಿ, ಗ್ಯಾಸು ಉರೀತಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಳುತ್ತೆ, ವಾಸನೆ ಬರಲ್ಲ, ಗೊತ್ತೇ ಆಗಲ್ಲ. ಅಲಾರಂ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ.

ಗಾಡ್‌ಸ್ಟೋ ಸೇತುವೆ ಪಕ್ಕ ಟ್ರೌಟ್ ಅಂತ ಹಳೇ ಪಬ್ ಇದೆ, ಕಟ್ಟೆ ನೀರು ಬೀಳೋದು ನೋಡ್ಕೊಂಡು ಕೂರಬೋದು. ಬಿಸಿಲಿರೋ ಭಾನುವಾರ ಜಾಗ ಸಿಗಲ್ಲ.

ದಾರೀಲಿ ನೋಡೋಕೆ ಏನಿದೆ?

ಲಿಸ್ಟ್ ಮಾಡೋ ಥರದ್ದೇನಿಲ್ಲ, ಮೊದಲೇ ಹೇಳ್ಬಿಡ್ತೀನಿ. ಬಲಗಡೆ ವೈಟಮ್ ಕಾಡು ಗುಡ್ಡ ಹತ್ಕೊಂಡು ಬರುತ್ತೆ, ಆಕ್ಸ್‌ಫರ್ಡ್ ಯೂನಿವರ್ಸಿಟಿದು, ಅಲ್ಲಿ 1947ರಿಂದ ಒಂದೇ ಜಾತಿ ಪುಟ್ಟ ಹಕ್ಕಿ ಹಿಂದೆ ಬಿದ್ದು ಪ್ರತಿ ವರ್ಷ ಗೂಡು ಮೊಟ್ಟೆ ಎಲ್ಲಾ ಲೆಕ್ಕ ಬರೀತಾ ಇದ್ದಾರೆ. ಗ್ರೇಟ್ ಟಿಟ್ ಅಂತ, ನಮ್ಮ ಗುಬ್ಬಿಯಷ್ಟು. ಎಡಗಡೆ ಇವನ್‌ಲೋಡ್ ಅನ್ನೋ ಸಣ್ಣ ಹೊಳೆ ಬಂದು ಸೇರುತ್ತೆ, ಸದ್ದೇ ಇಲ್ಲ, ಗಮನಿಸ್ದೇ ಇದ್ರೆ ದಾಟೋಗಿರ್ತೀರಾ. ಒಂದು ಮಿಂಚುಳ್ಳಿ ನೀಲಿ ಗೆರೆ ಎಳೆದಂಗೆ ಹೋಯ್ತು, ಮಗಳು ನೋಡಿದ್ಲು, ಉಳಿದೋರೆಲ್ಲಾ ಎಲ್ಲಿ ಎಲ್ಲಿ ಅನ್ನೋದೇ ಆಯ್ತು.

ಕಿಂಗ್ಸ್ ಲಾಕ್ ಹತ್ರ ಡ್ಯೂಕ್ಸ್ ಕಟ್ ಅಂತ ಒಂದು ಸೀಳು ನಾಲೆ ಹೋಗುತ್ತೆ, ಅದರಲ್ಲಿ ಹೋದ್ರೆ 1790ರಲ್ಲಿ ಆಕ್ಸ್‌ಫರ್ಡಿಗೆ ಬಂದ ಕೆನಾಲ್ ಸಿಗುತ್ತೆ. ಅದಾದ ಮೇಲೆ ಒಂದು ಸೀನ್ ಇದೆ ನೋಡಿ, ಎ34 ಅನ್ನೋ ದೊಡ್ಡ ರೋಡು ತಲೆ ಮೇಲೆ ಹಾದು ಹೋಗುತ್ತೆ, ಲಾರಿಗಳು ಧಡ ಧಡ. ನಾನು ದಿನಾ ಆಫೀಸಿಗೆ ಹೋಗೋದು ಆ ಸೇತುವೆ ಮೇಲೇ, ಎಷ್ಟೋ ವರ್ಷದಿಂದ. ಕೆಳಗೆ ಥೇಮ್ಸ್ ಇದೆ ಅಂತ ಬೋಟಲ್ಲಿ ಹೋದ ದಿನಾನೇ ಗೊತ್ತಾಗಿದ್ದು ನಂಗೆ.

ಗಾಡ್‌ಸ್ಟೋದಲ್ಲಿ ದಂಡೆ ಮೇಲೆ ಪಾಳು ಗೋಡೆಗಳಿವೆ, 12ನೇ ಶತಮಾನದ ಸನ್ಯಾಸಿನಿಯರ ಮಠ. ಎರಡನೇ ಹೆನ್ರಿ ರಾಜ ಇಟ್ಕೊಂಡಿದ್ದ ರೋಸಮಂಡ್ ಅನ್ನೋಳನ್ನ ಅಲ್ಲೇ ಮಣ್ಣು ಮಾಡಿದ್ದಂತೆ. 1539ರಲ್ಲಿ ಎಂಟನೇ ಹೆನ್ರಿ ಕಾಲಕ್ಕೆ ಮಠ ಮುಚ್ಚಿಸಿದ್ರು. ಈಗ ಒಳಗೆ ಹಸು ಮೇಯ್ತವೆ.

ಆಮೇಲೆ ಪೋರ್ಟ್ ಮೆಡೋ. ಇಲ್ಲಿ ನಮ್ಮ ಮನೆಯೋರೆಲ್ಲಾ ಬಾಯಿ ಮುಚ್ಕೊಂಡು ನಿಂತ್ರು. ಕಣ್ಣು ಹಾಯೋವಷ್ಟು ದೂರ ಹುಲ್ಲು, ಕುದುರೆ, ದನ, ಬಾತುಕೋಳಿ, ಹಿಂದುಗಡೆ ದೂರದಲ್ಲಿ ಆಕ್ಸ್‌ಫರ್ಡಿನ ಗೋಪುರಗಳು. ಬೇಲಿ ಇಲ್ಲ, ದನ ಸೀದಾ ನೀರಿಗಿಳಿದು ಬೋಟ್ ಪಕ್ಕ ನಿಂತ್ಕೋತವೆ. ಇದು ಊರಿನೋರು ದನ ಮೇಯಿಸೋ ಜಾಗ, ಆ ಹಕ್ಕು 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲೇ ಇದೆ, ಇವತ್ತಿಗೂ ಯಾರೂ ಉತ್ತಿಲ್ಲ ಕಟ್ಟಿಲ್ಲ. ಅಪ್ಪಂಗೆ ಹೇಳಿದೆ, "ಗೋಮಾಳ ಅನ್ನು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರ ಗೋಮಾಳ ಎಲ್ಲೈತೆ ಈಗ" ಅಂದ್ರು. ನಂಗೆ ಉತ್ತರ ಗೊತ್ತಿತ್ತು, ಆದ್ರೂ ಹೇಳ್ಲಿಲ್ಲ, ಅಲ್ಲೇ ಬೋಟ್ ಕಟ್ಟಿ ಊಟಕ್ಕೆ ಕೂತ್ವಿ.

ನದಿ ನೀರಲ್ಲಿ ಸ್ನಾನ ಮಾಡ್ಬೋದಾ?

ಅಮ್ಮ ತಲೆಗೆ ಪ್ರೋಕ್ಷಣೆ ಮಾಡ್ಕೊಳೋಕೆ ಕೈ ಹಾಕಿದ್ರು, ಅಷ್ಟು ಸಾಕು ಅಂದೆ. ಪೋರ್ಟ್ ಮೆಡೋ ಪಕ್ಕದ ವುಲ್ವರ್‌ಕೋಟ್ ಮಿಲ್ ಸ್ಟ್ರೀಮ್ ಅನ್ನೋ ಕವಲಿಗೆ 2022ರಲ್ಲಿ ಅಧಿಕೃತ ಸ್ನಾನದ ಜಾಗ ಅಂತ ಮಾನ್ಯತೆ ಕೊಟ್ರು, ಕೊಟ್ಟ ವರ್ಷಾನೇ ನೀರು ಟೆಸ್ಟ್ ಮಾಡಿ ಪೂರ್ ಅಂತ ಮಾರ್ಕ್ಸ್ ಹಾಕಿದ್ರು. ಜೋರು ಮಳೆ ಬಂದಾಗ ಚರಂಡಿ ನೀರು ನದಿಗೆ ಬಿಡ್ತಾರೆ ಇಲ್ಲಿ, ದೊಡ್ಡ ಗಲಾಟೆ ನಡೀತಾನೇ ಇದೆ. ಜನ ಈಜ್ತಾರೆ, ಅದು ಅವರಿಷ್ಟ. ನೀವು ಹಗ್ಗ ಮುಟ್ಟಿದ ಕೈಯಲ್ಲಿ ಪುಳಿಯೋಗರೆ ತಿನ್ಬೇಡಿ, ಸೋಪ್ ಹಾಕಿ ತೊಳ್ಕೊಳ್ಳಿ, ಇಲಿ ಉಚ್ಚೆಯಿಂದ ಬರೋ ಕಾಯಿಲೆ ಇದೆ, ನಮ್ಮ ಕಡೆ ಇಲಿಜ್ವರ ಅಂತಾರಲ್ಲ ಅದೇ.

ಎಲ್ಲಿ ಬೇಕಾದ್ರೂ ಬೋಟ್ ಕಟ್ಬೋದಾ?

ಇಲ್ಲ, ದಂಡೆ ಯಾರದೋ ಹೊಲ ಆಗಿರುತ್ತೆ. ಬೋರ್ಡ್ ಹಾಕಿರೋ ಕಡೆ ಕಟ್ಟಿ, ಕೆಲವು ಕಡೆ 24 ಗಂಟೆ ಫ್ರೀ. ಗೂಟ ಇಲ್ಲದ ಕಡೆ ಬೋಟಲ್ಲಿರೋ ಕಬ್ಬಿಣದ ಪಿನ್ನನ್ನ ಸುತ್ತಿಗೇಲಿ ಹೊಡ್ಕೋಬೇಕು. ದಂಡೆಗೆ ಬರೋವಾಗ ಮೂತಿ ಹರಿವಿಗೆ ಎದುರು ಇರ್ಲಿ, ಆಗ ನದೀನೇ ಬ್ರೇಕು.

ಮಳೆ ಬಂದ್ರೆ?

ನೆನೀತೀರಾ. ಓಡಿಸೋರು ಮಾತ್ರ. ಉಳಿದೋರು ಒಳಗೆ ಕಾಫಿ ಕುಡೀತಾ ಕಿಟಕಿಯಿಂದ ಪಾಪ ಅಂತಾರೆ.

ಏನಾದ್ರೂ ಎಡವಟ್ಟು ಮಾಡ್ಕೊಂಡ್ರಾ?

ಬರೋವಾಗ ಒಂದು ತಿರುವಲ್ಲಿ ಶಾರ್ಟ್‌ಕಟ್ ಹೊಡೆಯೋಕೆ ಹೋಗಿ ಒಳ ಅಂಚಿಗೆ ಬಂದ್ಬಿಟ್ಟೆ. ನದಿ ತಿರುವಲ್ಲಿ ಒಳಗಡೆ ಮರಳು ಕೂತಿರುತ್ತೆ, ಹೊರಗಡೆ ಆಳ, ಕಾವೇರಿ ದಂಡೇಲಿ ಬೆಳೆದೋನಿಗೆ ಇದು ಗೊತ್ತಿರ್ಬೇಕಿತ್ತು. ಬೋಟ್ ಮೆತ್ತಗೆ ಏರಿ ಕೂತ್ಬಿಡ್ತು. ನಾನು ಇಂಜಿನ್ ರೊಯ್ಯೋ ಅನ್ನಿಸ್ತಾ ಇದ್ದೆ, ನೀರೆಲ್ಲಾ ಕೆಸರು. ಅಪ್ಪ ಎದ್ದು ಬಂದು, "ಆಫ್ ಮಾಡ್ಲಾ ಅದನ್ನ" ಅಂತ ಗದರಿ, ಎಲ್ರನ್ನೂ ಇನ್ನೊಂದು ಪಕ್ಕಕ್ಕೆ ನಿಲ್ಲಿಸಿ, ಛಾವಣಿ ಮೇಲಿದ್ದ ಉದ್ದ ಗಳ ತಗೊಂಡು ಹರಿಗೋಲು ನೂಕೋ ಹಂಗೆ ಎರಡು ನೂಕು ನೂಕಿದ್ರು. ಬಂತು. ಅವತ್ತಿಡೀ ಆಮೇಲೆ ಟಿಲ್ಲರ್ ನನ್ನ ಕೈಗೆ ಕೊಡ್ಲೇ ಇಲ್ಲ, "ಮಾವ ಓಡಿಸ್ಲಿ ಬಿಡಿ" ಅಂತ ನನ್ನ ಹೆಂಡತಿ ಸಪೋರ್ಟ್ ಬೇರೆ.

ಇನ್ನೊಂದು, ನೀರೊಳಗೆ ತಿರುಗಿ ಬೋಟನ್ನ ತಳ್ಳೋ ಫ್ಯಾನಿಗೆ ಪ್ಲಾಸ್ಟಿಕ್ಕೋ ಕಳೆಯೋ ಸುತ್ಕೊಂಡ್ರೆ ಹಿಂದುಗಡೆ ಮುಚ್ಚಳ ತೆಗೆದು ಕೈ ಹಾಕಿ ಬಿಡಿಸ್ಬೇಕು. ಇಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಲ್ಲಿ ಇಟ್ಕೊಂಡು, ಆಮೇಲೆ ಕೈ ಹಾಕಿ.

ಸೇತುವೆಗೆ ಟೋಲ್ ಕಟ್ಬೇಕಂತೆ ನಿಜಾನಾ?

ಬೋಟಿಗಲ್ಲ, ಕಾರಿಗೆ. ಎನ್‌ಶಮ್ ಹತ್ರ ಸ್ವಿನ್‌ಫರ್ಡ್ ಸೇತುವೆ, 1769ರಲ್ಲಿ ಆಗಿದ್ದು, ಪಾರ್ಲಿಮೆಂಟಿನ ಕಾನೂನು ಪ್ರಕಾರ ಅದು ಖಾಸಗಿ ಆಸ್ತಿ, ಟೋಲ್ ಆದಾಯಕ್ಕೆ ಟ್ಯಾಕ್ಸ್ ಕೂಡ ಇಲ್ಲ. ಕಾರಿಗೆ 5 ಪೆನ್ಸ್. ಬೆಂಗಳೂರು ಮೈಸೂರು ಹೈವೇ ಟೋಲ್ ಕಟ್ಟಿ ಬಂದಿದ್ದ ಅಪ್ಪಂಗೆ ಇದನ್ನ ನಂಬ್ಸೋಕಾಗ್ಲಿಲ್ಲ, ರಸೀದಿ ಕೇಳಿದ್ರು. 2009ರಲ್ಲಿ ಆ ಸೇತುವೇನ 10 ಲಕ್ಷ ಪೌಂಡಿಗಿಂತ ಜಾಸ್ತಿ ಕೊಟ್ಟು ಯಾರೋ ಕೊಂಡ್ಕೊಂಡಿದ್ದಾರೆ. ಐದೈದು ಪೆನ್ಸಲ್ಲಿ.

ಹಂಗೇ ಬೋಟಲ್ಲೇ ಲಂಡನ್ನಿಗೆ ಹೋಗಿ ಬಸವಣ್ಣೋರ ಪ್ರತಿಮೆ ನೋಡ್ಬೋದಾ?

ಕಸಿನ್ಸ್ ಗ್ರೂಪಿನ ಪ್ರಶ್ನೆ. ನದಿ ಅದೇ, ಪ್ರತಿಮೆನೂ ಥೇಮ್ಸ್ ದಂಡೇಲೇ ಇದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಲ್ಲಿ, 2015ರಲ್ಲಿ ಅನಾವರಣ ಆಗಿದ್ದು. ಆದ್ರೆ ಆಕ್ಸ್‌ಫರ್ಡಿಂದ ನೀರ ದಾರಿ 100 ಮೈಲಿಗಿಂತ ಜಾಸ್ತಿ, ನಿಮ್ಮ ಒಂದು ವಾರದ ರಜೆ ಹೋಗೋದ್ರಲ್ಲೇ ಮುಗಿಯುತ್ತೆ. ಮತ್ತೆ ಟೆಡಿಂಗ್‌ಟನ್ನಿಂದ ಕೆಳಗೆ ಸಮುದ್ರದ ಉಬ್ಬರ ಇಳಿತ ಶುರು, ಬಾಡಿಗೆ ಬೋಟಿಗೆ ಅಲ್ಲಿ ಕೆಲಸ ಇಲ್ಲ. ಟ್ರೈನಲ್ಲಿ ಹೋಗಿ.

ಬೋರ್ ಆಗಲ್ವಾ?

ಆಗುತ್ತೆ. ಹನ್ನೊಂದು ಗಂಟೆ ಹೊತ್ತಿಗೆ ನಂಗಂತೂ ಚೆನ್ನಾಗೇ ಆಯ್ತು, ಫೋನ್ ತೆಗೆದು ನೋಡಿದೆ, ಒಂದು ಕೈ ಟಿಲ್ಲರಲ್ಲಿ ಇದ್ರೆ ಸ್ಕ್ರಾಲ್ ಮಾಡೋಕಾಗಲ್ಲ, ತಲೆ ಎತ್ತದೇ ಇದ್ರೆ ಮರಕ್ಕೆ ಹೋಗ್ತೀರಾ, ಸರಿ ಅಂತ ಜೇಬಿಗೆ ಹಾಕ್ದೆ. ಅದಾದ ಅರ್ಧ ಗಂಟೆಗೆ ಏನೋ ಒಂಥರಾ ಸರಿ ಹೋಯ್ತು. ಅಪ್ಪ ನಾನು ಒಟ್ಟಿಗೆ ನಿಂತು ಮಾತಾಡ್ದೇ ಅಷ್ಟು ಹೊತ್ತು ಇದ್ದಿದ್ದು ಯಾವಾಗ ಅಂತ ಯೋಚ್ನೆ ಮಾಡಿದ್ರೆ, ಕೊನೇ ಸಲ ಪಂಪ್‌ಸೆಟ್ ಹತ್ರ ರಾತ್ರಿ ಕರೆಂಟಿಗೆ ಕಾಯ್ತಾ ಕೂತಿದ್ದಾಗ ಅನ್ಸುತ್ತೆ, ಪಿಯುಸಿ ಓದ್ತಿದ್ದೆ ಆಗ.

ಖರ್ಚೆಷ್ಟು?

ಬೋಟಿನ ಉದ್ದ, ಸೀಸನ್ನು, ವಾರದ ದಿನಾನೋ ವೀಕೆಂಡೋ ಅದರ ಮೇಲೆ ಹೋಗುತ್ತೆ. ಸ್ಕೂಲ್ ರಜೇಲಿ ಜಾಸ್ತಿ. ಆರೆಂಟು ಜನ ಹಂಚ್ಕೊಂಡ್ರೆ ಹೊರೆ ಅನ್ಸಲ್ಲ. ಡೀಸೆಲ್ ಸೇರಿದೆಯಾ, ಡೆಪಾಸಿಟ್ ಎಷ್ಟು ಅಂತ ಬುಕ್ ಮಾಡೋವಾಗ್ಲೇ ಕೇಳಿ.

ಡೆಪಾಸಿಟ್ ಪೂರ್ತಿ ವಾಪಸ್ ಬಂತಾ?

ಇಲ್ಲ. ಬೋಟಿಗೆ ಏನೂ ಆಗಿರ್ಲಿಲ್ಲ, ಆದ್ರೆ ಎಣಿಸಿ ನೋಡಿದ್ರೆ ಎರಡು ಪಿನ್ನಲ್ಲಿ ಒಂದೇ ಇತ್ತು, ಅದರ ದುಡ್ಡು ಹಿಡ್ಕೊಂಡ್ರು. ಊಟಕ್ಕೆ ಕಟ್ಟಿದ್ದಾಗ ಹೊಡೆದಿದ್ದು, ಹೊರಡೋವಾಗ ಹಗ್ಗ ಬಿಚ್ಚಿದ್ವಿ, ಪಿನ್ ಕೀಳೋದು ಮರೆತೋಯ್ತು, ಕೀಳೋದು ನನ್ನ ಕೆಲಸ ಆಗಿತ್ತು ಅಂತ ಎಲ್ರೂ ಅಂತಾರೆ. ಪೋರ್ಟ್ ಮೆಡೋ ಕಡೆ ಹೋದ್ರೆ ದನ ನೀರು ಕುಡಿಯೋ ಜಾಗದ ಪಕ್ಕ ಹುಲ್ಲಲ್ಲಿ ನೋಡಿ, ಮೇಲ್ಗಡೆ ಮಗಳ ಹಳದಿ ಹೇರ್‌ಬ್ಯಾಂಡ್ ಕಟ್ಟಿದೆ.